ಲ್ಯಾಪ್‌ಟಾಪ್ ಆನ್ ಆಗುತ್ತದೆ, ಡಿಸ್‌ಪ್ಲೇ ಬರುವುದಿಲ್ಲ: ಉತ್ತರ ಕನ್ನಡದ ಮನೆಗಳಿಗೊಂದು ರಿಪೇರಿ ಮಾರ್ಗದರ್ಶಿ

ಡಿಸ್‌ಪ್ಲೇ ಹೋಗಿದೆ ಎಂದು ರಿಪೇರಿಗೆ ಬರುವ ಹಳೆಯ ಲ್ಯಾಪ್‌ಟಾಪ್‌ಗಳಲ್ಲಿ ಸ್ಕ್ರೀನೇ ಕೆಟ್ಟಿರುವಂಥವು ಕಡಿಮೆ. ಸ್ಕ್ರೀನ್ ಕಪ್ಪಾಗಲು ಸೋತ ಚಾರ್ಜರ್ ಒಂದು ಸಾಕು, ಕಿಲುಬು ಹಿಡಿದ ರ್ಯಾಮ್ (ಯಂತ್ರ ಓಡುವಾಗ ಬಳಸುವ ತಾತ್ಕಾಲಿಕ ನೆನಪಿನ ಪಟ್ಟಿ) ಸಾಕು, ಹಿಂಜಿನೊಳಗೆ, ಎಂದರೆ ಮುಚ್ಚಳದ ಕೀಲಿನೊಳಗೆ, ಸವೆದ ಕೇಬಲ್ ಸಾಕು. ಕಾರವಾರದಿಂದ ಭಟ್ಕಳದವರೆಗಿನ ಉಪ್ಪುಗಾಳಿಯೂ ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆಯ ನಾಲ್ಕು ತಿಂಗಳ ಥಂಡಿಯೂ ಈ ಮೂರನ್ನೂ ಬೇಗ ಹಾಳು ಮಾಡುತ್ತವೆ. ಹಾಗಾಗಿ ಹೊಸ ಸ್ಕ್ರೀನ್ ತರಿಸಲು ಹುಬ್ಬಳ್ಳಿಗೆ ಫೋನ್ ಮಾಡುವ ಮೊದಲು ಇಲ್ಲಿ ಹೇಳಿದ ಕ್ರಮದಲ್ಲೇ ನೋಡುತ್ತ ಹೋಗಿ. ಸ್ಕ್ರೂ ಬಿಚ್ಚದೆ ಆಗುವ ಪರೀಕ್ಷೆಗಳು ಮೊದಲು, ಬಿಚ್ಚಿ ನೋಡುವವು ಆಮೇಲೆ, ದುಡ್ಡು ಬೀಳುವವು ಕೊನೆಗೆ.

ಶುರು ಮಾಡುವ ಮೊದಲು ಲ್ಯಾಪ್‌ಟಾಪನ್ನು ಮುಚ್ಚಿ ಸಮತಟ್ಟಾದ ಮೇಜಿನ ಮೇಲಿಟ್ಟು ನೋಡಿ. ತಳ ಉಬ್ಬಿ ಅಲ್ಲಾಡುತ್ತಿದ್ದರೆ, ಟಚ್‌ಪ್ಯಾಡ್ ಮೇಲೆದ್ದಿದ್ದರೆ ಒಳಗಿನ ಬ್ಯಾಟರಿ ಊದಿದೆ ಎಂದೇ ತಿಳಿಯಿರಿ. ಅದಕ್ಕೆ ಚಾರ್ಜರ್ ಹಾಕಬೇಡಿ, ಒತ್ತಬೇಡಿ, ಚುಚ್ಚಬೇಡಿ. ಬ್ಯಾಟರಿ ತೆಗೆಸಿದ ಮೇಲೇ ಮುಂದಿನ ಮಾತು.

ದೀಪ, ಫ್ಯಾನು, ಕ್ಯಾಪ್ಸ್ ಲಾಕ್

ಪೆನ್‌ಡ್ರೈವ್, ಮೌಸ್‌ನ ರಿಸೀವರ್, ಪ್ರಿಂಟರ್ ಕೇಬಲ್, ಮೆಮೊರಿ ಕಾರ್ಡ್ ಎಲ್ಲ ತೆಗೆಯಿರಿ. ಡಿವಿಡಿ ಡ್ರೈವ್‌ನಲ್ಲಿ ಡಿಸ್ಕ್ ಉಳಿದಿದ್ದರೆ ಅದನ್ನೂ. ಚಾರ್ಜರ್ ಹಾಕಿ ಪವರ್ ಬಟನ್ ಒತ್ತಿ, ಎರಡು ನಿಮಿಷ ಸುಮ್ಮನೆ ಗಮನಿಸಿ. ಕಿವಿಯನ್ನು ಕೀಬೋರ್ಡ್ ಹತ್ತಿರ ತಂದರೆ ಫ್ಯಾನ್ ತಿರುಗುವುದೂ ಹಳೆಯ ಹಾರ್ಡ್ ಡಿಸ್ಕ್ ಗುಂಯ್‌ಗುಡುವುದೂ ಕೇಳುತ್ತದೆ. ಆಮೇಲೆ ಕ್ಯಾಪ್ಸ್ ಲಾಕ್ ಕೀಲಿ ಒತ್ತಿ, ಅದರ ದೀಪ ಹತ್ತಿ ಆರುತ್ತದೆಯೇ ನೋಡಿ.

ಯಾವ ದೀಪವೂ ಬರದಿದ್ದರೆ ತೊಂದರೆ ವಿದ್ಯುತ್ತಿನದು. ಚಾರ್ಜರ್, ಅದರ ಜ್ಯಾಕ್, ಬ್ಯಾಟರಿ ಅಥವಾ ಬೋರ್ಡಿನ (ಚಿಪ್ಪುಗಳೆಲ್ಲ ಕೂತ ಮುಖ್ಯ ಹಲಗೆಯ) ಪವರ್ ಭಾಗ. ದೀಪವೂ ಫ್ಯಾನೂ ಇದ್ದು ಕ್ಯಾಪ್ಸ್ ಲಾಕ್ ಅಲುಗದಿದ್ದರೆ, ಅಥವಾ ಐದಾರು ಸೆಕೆಂಡು ಓಡಿ ಆರಿ ಮತ್ತೆ ತಾನೇ ಶುರುವಾಗುತ್ತಿದ್ದರೆ, ಯಂತ್ರ ತನ್ನ ಮೊದಲ ತಪಾಸಣೆಯಲ್ಲೇ ನಿಂತಿದೆ. ಇಲ್ಲಿ ಮೊದಲ ಅನುಮಾನ ರ್ಯಾಮ್ ಮೇಲೆ. ಕ್ಯಾಪ್ಸ್ ಲಾಕ್ ಸರಿಯಾಗಿ ಹತ್ತಿ ಆರುತ್ತಿದ್ದು ವಿಂಡೋಸ್‌ನ ಸದ್ದೂ ಕೇಳಿದರೆ ಯಂತ್ರ ಪೂರ್ತಿ ಎಚ್ಚರವಾಗಿದೆ, ಚಿತ್ರ ಮಾತ್ರ ಕಣ್ಣಿಗೆ ತಲುಪುತ್ತಿಲ್ಲ. ನಿಮ್ಮದು ಈ ಮೂರರಲ್ಲಿ ಯಾವುದು ಎಂದು ಚೀಟಿಯಲ್ಲಿ ಬರೆದಿಡಿ. ಮುಂದೆ ಅರ್ಧ ಕೆಲಸ ಕಡಿಮೆಯಾಗುವುದು ಇದರಿಂದ.

ಯಾವ ಗುಂಪಾದರೂ ಸರಿ, ಮೊದಲು ಉಳಿದ ಚಾರ್ಜ್ ಇಳಿಸಿ. ಚಾರ್ಜರ್ ಕೀಳಿ, ಹೊರಗಿನಿಂದ ತೆಗೆಯಬಹುದಾದ ಬ್ಯಾಟರಿಯಾದರೆ ತೆಗೆಯಿರಿ, ಪವರ್ ಬಟನ್ನನ್ನು 30 ಸೆಕೆಂಡು ಒತ್ತಿ ಹಿಡಿದು ಬಿಡಿ. ಕರೆಂಟು ಹೋಗಿ ಬಂದು ಮಾಡುವಾಗ ಬೋರ್ಡಿನ ಮೇಲಿನ ಕಂಟ್ರೋಲರ್ ಚಿಪ್ ಅರ್ಧದಲ್ಲಿ ಸಿಕ್ಕಿಕೊಂಡಿರುತ್ತದೆ; ಕೆಪಾಸಿಟರ್‌ಗಳಲ್ಲಿ ಉಳಿದ ಚಾರ್ಜ್ ಅದನ್ನು ಅಲ್ಲೇ ಹಿಡಿದಿಡುತ್ತದೆ. ಅದು ಖಾಲಿಯಾದರೆ ಚಿಪ್ ಮೊದಲಿನಿಂದ ಶುರು ಮಾಡುತ್ತದೆ. ಬ್ಯಾಟರಿ ಒಳಗೇ ಇರುವ ಕೆಲವು ಲೆನೊವೊ ಮಾಡೆಲ್‌ಗಳ ತಳದಲ್ಲಿ ಸೂಜಿ ಹೋಗುವಷ್ಟು ಸಣ್ಣ ರೀಸೆಟ್ ತೂತು ಇರುತ್ತದೆ. ಚಾರ್ಜರ್ ತೆಗೆದು, ಪೇಪರ್ ಕ್ಲಿಪ್ಪಿನ ತುದಿಯಿಂದ ಅದನ್ನು ಕೆಲವು ಸೆಕೆಂಡು ಒತ್ತಿ, ಒಂದು ನಿಮಿಷ ಬಿಟ್ಟು ಆನ್ ಮಾಡಿ. ಬ್ಯಾಟರಿ ಬಿಚ್ಚಬರುವ ಯಂತ್ರವನ್ನು ಬರೀ ಚಾರ್ಜರ್ ಮೇಲೆ ಒಮ್ಮೆ ಓಡಿಸಿ ನೋಡಿ. ಹಾಗೆ ಸರಾಗವಾಗಿ ಬಂದು, ಬ್ಯಾಟರಿ ಹಾಕಿದ ಕೂಡಲೇ ನಿಂತರೆ ತಪ್ಪು ಬ್ಯಾಟರಿಯದು.

ಚಾರ್ಜರ್ ಅಳೆಯುವುದು

ಒಂದು ಸಾಧಾರಣ ಡಿಜಿಟಲ್ ಮಲ್ಟಿಮೀಟರ್ ಸಾಕು. ಚಾರ್ಜರಿನ ಬೆನ್ನ ಮೇಲಿನ ಚೀಟಿಯಲ್ಲಿ ಔಟ್‌ಪುಟ್ ಎಷ್ಟೆಂದು ಓದಿ. ಎಚ್‌ಪಿ ಮತ್ತು ಡೆಲ್‌ನವು ಸಾಮಾನ್ಯವಾಗಿ 19.5 ವೋಲ್ಟ್, ಏಸರ್ ಮತ್ತು ಆಸುಸ್ 19, ಲೆನೊವೊ 20. ಮೀಟರಿನ ಗುಂಡಿಯನ್ನು ಡಿಸಿ 200 ವೋಲ್ಟಿಗೆ ಇಡಿ. 20ರಲ್ಲಿಟ್ಟರೆ 20 ವೋಲ್ಟ್‌ನ ಚಾರ್ಜರ್ ಮೀಟರಿನ ಮಿತಿ ಮೀರಿ ಬರೀ 1 ತೋರಿಸುತ್ತದೆ, ಚಾರ್ಜರ್ ಹೋಗಿದೆ ಎಂದು ತಪ್ಪು ತಿಳಿಯುವಂತಾಗುತ್ತದೆ. ದುಂಡನೆಯ ಪಿನ್ನಿನ ಒಳಗೋಡೆಗೆ ಕೆಂಪು ಕಡ್ಡಿ, ಹೊರಗೋಡೆಗೆ ಕಪ್ಪು. ಎರಡೂ ಕಡ್ಡಿ ಒಂದಕ್ಕೊಂದು ತಾಗಬಾರದು. ಚೀಟಿಯಲ್ಲಿದ್ದದ್ದಕ್ಕೆ ಒಂದು ವೋಲ್ಟ್ ಆಚೀಚೆ ಇದ್ದರೆ ಸರಿ. ಯುಎಸ್‌ಬಿ-ಸಿ ಚಾರ್ಜರುಗಳನ್ನು ಹೀಗೆ ಅಳೆಯಲು ಬರುವುದಿಲ್ಲ. ಲ್ಯಾಪ್‌ಟಾಪ್ ಜೊತೆ ಮಾತಾಡಿಕೊಂಡ ಮೇಲೇ ಅವು ಪೂರ್ಣ ವೋಲ್ಟೇಜ್ ಕೊಡುತ್ತವೆ.

ಎಚ್‌ಪಿ, ಡೆಲ್ ಪಿನ್ನಿನ ನಡುವೆ ಒಂದು ತೆಳ್ಳನೆಯ ಕಡ್ಡಿಯಿದೆ. ಅದು ವಿದ್ಯುತ್ತಿಗಲ್ಲ, ಚಾರ್ಜರಿನ ಗುರುತು ಹೇಳಲಿಕ್ಕೆ. ಅದು ಬಾಗಿದರೆ ಅಥವಾ ಮುರಿದರೆ ಲ್ಯಾಪ್‌ಟಾಪ್ ಓಡಿದರೂ ಬ್ಯಾಟರಿ ಚಾರ್ಜ್ ಆಗುವುದಿಲ್ಲ, ಯಂತ್ರ ನಿಧಾನವಾಗುತ್ತದೆ. ವೋಲ್ಟ್ ಅಳೆಯುವಾಗ ಮೀಟರಿನ ಕಡ್ಡಿ ಅದಕ್ಕೆ ತಾಗಿಸಬೇಡಿ.

ವೋಲ್ಟೇಜ್ ಸರಿ ಬಂದ ಮಾತ್ರಕ್ಕೆ ಚಾರ್ಜರ್ ಗಟ್ಟಿಯಿದೆ ಎಂದು ಹೇಳಲಾಗದು. ಮುದಿ ಚಾರ್ಜರ್ ಭಾರವಿಲ್ಲದಾಗ 19.5 ತೋರಿಸಿ, ಲ್ಯಾಪ್‌ಟಾಪ್ ಎಳೆಯುವಾಗ ಕುಸಿಯುವುದುಂಟು. ಅಷ್ಟೇ ವೋಲ್ಟ್‌ನ, ಅಷ್ಟೇ ಅಥವಾ ಹೆಚ್ಚು ವ್ಯಾಟ್‌ನ, ಅದೇ ಪಿನ್ನಿನ ಇನ್ನೊಂದು ಚಾರ್ಜರ್ ಹಾಕಿ ನೋಡುವುದೇ ಖಾತ್ರಿ. 65 ವ್ಯಾಟ್ ಕೇಳುವ ಯಂತ್ರಕ್ಕೆ 45 ವ್ಯಾಟ್‌ನದು ಹಾಕಿದರೆ ದೀಪ ಬಂದು ಅಲ್ಲಿಗೇ ನಿಲ್ಲಬಹುದು. ಇನ್ನೊಂದು ಲಕ್ಷಣ: ಚಾರ್ಜರಿನ ಮೇಲಿನ ಹಸಿರು ದೀಪ ಗೋಡೆಗೆ ಹಾಕಿದಾಗ ಉರಿದು, ಪಿನ್ ಲ್ಯಾಪ್‌ಟಾಪಿಗೆ ಚುಚ್ಚಿದ ಕ್ಷಣ ಆರಿದರೆ ಬೋರ್ಡಿನಲ್ಲಿ ಶಾರ್ಟ್ ಇದೆ, ಚಾರ್ಜರ್ ತನ್ನನ್ನು ಕಾಪಾಡಿಕೊಳ್ಳುತ್ತಿದೆ. ಮತ್ತೆ ಮತ್ತೆ ಚುಚ್ಚಿ ನೋಡಬೇಡಿ. ಅದು ಬೋರ್ಡ್ ರಿಪೇರಿ ಮಾಡುವವರ ಕೆಲಸ.

ತೋಟದ ಮನೆಗಳಲ್ಲಿ ಲೈನಿನ ಕೊನೆಗೆ ವೋಲ್ಟೇಜ್ ಬಹಳ ಕಡಿಮೆ ಬರುತ್ತದೆ, ಅದರಿಂದಲೇ ಹೋಯಿತು ಎಂದು ಹೇಳುವವರಿದ್ದಾರೆ. ಲ್ಯಾಪ್‌ಟಾಪ್ ಚಾರ್ಜರ್ 100ರಿಂದ 240 ವೋಲ್ಟಿನವರೆಗೆ ನಡೆಯುತ್ತದೆ. 150 ಬಂದರೂ ಅದಕ್ಕೆ ಏನೂ ಆಗದು. ಕೊಲ್ಲುವುದು ಸಿಡಿಲು ಮತ್ತು ಹೋದ ಕರೆಂಟು ಮರಳಿ ಬರುವ ಕ್ಷಣದ ಏರು ವೋಲ್ಟೇಜ್.

ಟಾರ್ಚು ಮತ್ತು ಟಿವಿ

ಯಂತ್ರ ಎಚ್ಚರವಾಗಿದ್ದೂ ಸ್ಕ್ರೀನ್ ಕಪ್ಪಾಗಿದ್ದರೆ ರಾತ್ರಿಯಾಗಲು ಬಿಡಿ, ಇಲ್ಲವೇ ಕಿಟಕಿ ಮುಚ್ಚಿ ಕೋಣೆ ಕತ್ತಲು ಮಾಡಿ. ಲ್ಯಾಪ್‌ಟಾಪ್ ಆನ್ ಮಾಡಿ ಎರಡು ನಿಮಿಷ ಬಿಟ್ಟು, ಮೊಬೈಲ್ ಟಾರ್ಚನ್ನು ಸ್ಕ್ರೀನಿಗೆ ಬಹಳ ಹತ್ತಿರ, ಓರೆಯಾಗಿ ಹಿಡಿದು ನಿಧಾನಕ್ಕೆ ಸರಿಸಿ. ಮಸುಕಾಗಿ ವಿಂಡೋಸ್‌ನ ಐಕಾನುಗಳೋ ಪಾಸ್‌ವರ್ಡ್ ಕೇಳುವ ಚೌಕವೋ ಕಂಡರೆ ಚಿತ್ರ ಬರುತ್ತಿದೆ, ಹಿಂದಿನ ಬೆಳಕು (ಬ್ಯಾಕ್‌ಲೈಟ್) ಮಾತ್ರ ಹೋಗಿದೆ. ಹಾಗಿದ್ದರೆ ಮೊದಲು ಎಫ್‌ಎನ್ ಜೊತೆ ಸೂರ್ಯನ ಗುರುತಿನ ಕೀಲಿ ಒತ್ತಿ ಬ್ರೈಟ್‌ನೆಸ್ ಪೂರ್ತಿ ಏರಿಸಿ. ಅಷ್ಟಕ್ಕೇ ಬೆಳಕು ಮರಳಿದ ಯಂತ್ರಗಳು ಬೇಕಾದಷ್ಟಿವೆ.

ಇನ್ನೊಂದು ಪರೀಕ್ಷೆ ಮನೆಯ ಟಿವಿಯದು. ಎರಡನ್ನೂ ಆಫ್ ಮಾಡಿ ಎಚ್‌ಡಿಎಂಐ ಕೇಬಲ್ ಜೋಡಿಸಿ, ಟಿವಿಯಲ್ಲಿ ಅದೇ ಎಚ್‌ಡಿಎಂಐ ನಂಬರ್ ಆರಿಸಿ, ಆಮೇಲೆ ಲ್ಯಾಪ್‌ಟಾಪ್ ಆನ್ ಮಾಡಿ. 2010ರ ಆಸುಪಾಸಿನ ಯಂತ್ರಗಳಲ್ಲಿ ಎಚ್‌ಡಿಎಂಐ ಇಲ್ಲದೆ ನೀಲಿ ಬಣ್ಣದ ವಿಜಿಎ ಮಾತ್ರ ಇರಬಹುದು; ಆಗ ಹಳೆಯ ಮಾನಿಟರ್ ಒಂದನ್ನು ಹುಡುಕಬೇಕು. ಚಿತ್ರ ತಾನಾಗಿ ಬರದಿದ್ದರೆ ವಿಂಡೋಸ್ ಕೀಲಿ ಹಿಡಿದು ಪಿ ಒತ್ತಿ, ಕೆಳಬಾಣ ಒಂದು ಸಲ, ಎಂಟರ್. ಐದು ಸೆಕೆಂಡು ಕಾದು, ಇಲ್ಲದಿದ್ದರೆ ಅದನ್ನೇ ಮತ್ತೆ ಮಾಡಿ. ಟಿವಿಯಲ್ಲಿ ಚಿತ್ರ ಚೊಕ್ಕವಾಗಿ ಬಂದರೆ ಬೋರ್ಡ್, ರ್ಯಾಮ್, ಗ್ರಾಫಿಕ್ಸ್ ಮೂರೂ ಸರಿಯಿವೆ. ಉಳಿದದ್ದು ಸ್ಕ್ರೀನ್, ಅದರ ಕೇಬಲ್, ಬ್ಯಾಕ್‌ಲೈಟ್. ಟಿವಿಯಲ್ಲೂ ಕತ್ತಲೆಯಾದರೆ ಹೊಸ ಸ್ಕ್ರೀನ್ ತಂದು ಫಲವಿಲ್ಲ. ಟಿವಿಯಲ್ಲಿ ಚಿತ್ರ ಬಂದ ಕೂಡಲೇ ಮುಖ್ಯ ಫೈಲುಗಳನ್ನು ಪೆನ್‌ಡ್ರೈವ್‌ಗೆ ಹಾಕಿಕೊಂಡು ಬಿಡಿ.

ಡೆಲ್ ಇದ್ದವರಿಗೆ ಇನ್ನೂ ಸುಲಭದ ದಾರಿಯಿದೆ. ಯಂತ್ರ ಪೂರ್ತಿ ಆಫ್ ಇರುವಾಗ ಡಿ ಕೀಲಿ ಒತ್ತಿ ಹಿಡಿದೇ ಪವರ್ ಬಟನ್ ಒತ್ತಿ. ಹಲವು ಮಾಡೆಲ್‌ಗಳಲ್ಲಿ ಸ್ಕ್ರೀನ್ ತನ್ನ ತಪಾಸಣೆ ತಾನೇ ಮಾಡಿಕೊಂಡು ಬಿಳಿ, ಕಪ್ಪು, ಕೆಂಪು, ಹಸಿರು, ನೀಲಿ ಬಣ್ಣಗಳನ್ನು ತೋರಿಸುತ್ತದೆ. ಬಣ್ಣ ಬಂದರೆ ಸ್ಕ್ರೀನ್ ನಿರಪರಾಧಿ.

ಮುಚ್ಚಳದ ಸೆನ್ಸರನ್ನೂ ಇಲ್ಲೇ ನೋಡಿಬಿಡಿ. ಮುಚ್ಚಳದಲ್ಲಿ ಸಣ್ಣ ಅಯಸ್ಕಾಂತ, ಕೀಬೋರ್ಡ್ ಕಡೆ ಅದನ್ನು ಗುರುತಿಸುವ ಚಿಪ್. ಎರಡೂ ಹತ್ತಿರ ಬಂದರೆ ಲ್ಯಾಪ್‌ಟಾಪ್ ಮುಚ್ಚಿತೆಂದು ಸ್ಕ್ರೀನ್ ಆರುತ್ತದೆ. ಅಯಸ್ಕಾಂತದ ಫ್ಲಿಪ್ ಕವರ್ ಹಾಕಿದ ಮೊಬೈಲನ್ನು ಅಂಗೈ ಇಡುವ ಜಾಗದಲ್ಲಿಟ್ಟರೂ ಹೀಗಾಗುತ್ತದೆ. ಬಹಳ ಹಳೆಯವುಗಳಲ್ಲಿ ಹಿಂಜಿನ ಹತ್ತಿರ ಒತ್ತುಗುಂಡಿಯೇ ಇರುತ್ತದೆ, ಧೂಳು ಕೂತು ಒತ್ತಿದಂತೇ ನಿಂತುಬಿಡುತ್ತದೆ. ಬೆರಳಿನಿಂದ ಹತ್ತು ಸಲ ಒತ್ತಿ ಬಿಟ್ಟರೆ ಸಡಿಲವಾಗುತ್ತದೆ.

ರ್ಯಾಮ್: ನಮ್ಮ ಹವೆಯಲ್ಲಿ ಮೊದಲು ಸಂಶಯಿಸಬೇಕಾದ್ದು

ಸಮುದ್ರದ ಗಾಳಿಯಲ್ಲಿ ಉಪ್ಪಿನ ಅತಿ ಸಣ್ಣ ಕಣಗಳಿರುತ್ತವೆ. ಫ್ಯಾನ್ ಎಳೆದ ಗಾಳಿಯ ಜೊತೆ ಅವು ಧೂಳಿನೊಡನೆ ಒಳಗೆ ಕೂರುತ್ತವೆ. ಗಾಳಿಯ ತೇವಾಂಶ ಶೇಕಡ 75 ದಾಟಿದರೆ ಉಪ್ಪು ತಾನೇ ನೀರು ಹೀರಿಕೊಂಡು ಕರಗುತ್ತದೆ. ಆಷಾಢದಲ್ಲಿ ಅಡುಗೆಮನೆಯ ಉಪ್ಪಿನ ಭರಣಿ ನೀರೊಡೆಯುವ ಹಾಗೆ. ಕರಾವಳಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತೇವಾಂಶ ಅದಕ್ಕಿಂತ ಕೆಳಗಿಳಿಯುವುದೇ ಅಪರೂಪ. ಬೋರ್ಡಿನ ಬಹುಭಾಗಕ್ಕೆ ಹಸಿರು ಲೇಪವಿದೆ, ಬೆಸುಗೆ ಗಟ್ಟಿಯಿದೆ. ಏನೂ ಹೊದಿಕೆಯಿಲ್ಲದೆ ಬರಿಯ ಲೋಹಕ್ಕೆ ಬರಿಯ ಲೋಹ ತಾಗಿ ನಿಲ್ಲುವುದು ರ್ಯಾಮ್‌ನ ಹಲ್ಲುಗಳಲ್ಲಿ ಮತ್ತು ಕೇಬಲ್‌ಗಳ ಕನೆಕ್ಟರುಗಳಲ್ಲಿ. ಉಪ್ಪುನೀರಿನ ಪದರ ಮೊದಲು ತಿನ್ನುವುದು ಅವನ್ನೇ. ಮಳೆಗಾಲದಲ್ಲಿ ತಿಂಗಳುಗಟ್ಟಲೆ ಕಪಾಟಿನಲ್ಲಿದ್ದ ಲ್ಯಾಪ್‌ಟಾಪ್ ಚೌತಿಯ ಹೊತ್ತಿಗೆ ತೆಗೆದರೆ ಡಿಸ್‌ಪ್ಲೇ ಕೊಡದಿರುವುದಕ್ಕೆ ಇದೇ ಮುಖ್ಯ ಕಾರಣ. ಘಟ್ಟದ ಮೇಲೆ ಉಪ್ಪಿಲ್ಲ, ಆದರೆ ಚರ್ಮದ ಚಪ್ಪಲಿಗೆ ಬೂಸ್ಟು ಹಿಡಿಸುವ ಥಂಡಿ ರ್ಯಾಮ್ ಕೆಡಿಸಲೂ ಸಾಕು.

ಬೇಕಾದದ್ದು ಇಷ್ಟು: ಪಿಎಚ್0 ಅಳತೆಯ ಸಣ್ಣ ಸ್ಟಾರ್ ಸ್ಕ್ರೂಡ್ರೈವರ್, ಶಾಲೆಯ ಮಕ್ಕಳ ಬಿಳಿ ಪೆನ್ಸಿಲ್ ರಬ್ಬರ್, ಮೆತ್ತನೆಯ ಹೊಸ ಹಲ್ಲುಜ್ಜುವ ಬ್ರಶ್, ಶೇಕಡ 99ರ ಐಸೊಪ್ರೊಪೈಲ್ ಆಲ್ಕೋಹಾಲ್ 100 ಮಿಲಿ, ಕೆಲಸಕ್ಕೆ ಬಾರದ ಒಂದು ಎಟಿಎಂ ಕಾರ್ಡ್. ಕೈ ತೊಳೆಯುವ ಸ್ಯಾನಿಟೈಸರ್ ಬೇಡ. ಅದರಲ್ಲಿರುವ ಗ್ಲಿಸರಿನ್ ಹಲ್ಲುಗಳ ಮೇಲೆ ಅಂಟಾಗಿ ಉಳಿದು ಮತ್ತೆ ತೇವ ಹಿಡಿಯುತ್ತದೆ. ಥಿನ್ನರ್, ಪೆಟ್ರೋಲ್ ಪ್ಲಾಸ್ಟಿಕ್ಕನ್ನೇ ಕರಗಿಸುತ್ತವೆ.

ಚಾರ್ಜರ್ ಕೀಳಿ, ಬ್ಯಾಟರಿ ತೆಗೆಯಿರಿ. ಹಳೆಯ ಮಾಡೆಲ್‌ಗಳಲ್ಲಿ ತಳದಲ್ಲಿ ರ್ಯಾಮ್‌ಗೆಂದೇ ಸಣ್ಣ ಮುಚ್ಚಳವಿದ್ದು ಒಂದೆರಡು ಸ್ಕ್ರೂಗೆ ಬಿಚ್ಚುತ್ತದೆ. ಈಚಿನವುಗಳಲ್ಲಿ ಇಡೀ ತಳ ತೆಗೆಯಬೇಕು. ರಬ್ಬರ್ ಪಾದಗಳ ಅಡಿಯಲ್ಲಿ, ಡಿವಿಡಿ ಡ್ರೈವ್ ಜಾಗದಲ್ಲಿ ಅಡಗಿದ ಸ್ಕ್ರೂ ಇರುತ್ತವೆ. ತಳ ಏಳುತ್ತಿಲ್ಲವೆಂದರೆ ಇನ್ನೊಂದು ಸ್ಕ್ರೂ ಉಳಿದಿದೆ ಎಂದೇ ಅರ್ಥ, ಎಳೆದು ಮುರಿಯಬೇಡಿ. ಒಂದು ಹಾಳೆಯಲ್ಲಿ ತಳದ ಚಿತ್ರ ಬರೆದು, ಬಿಚ್ಚಿದ ಸ್ಕ್ರೂವನ್ನು ಅದರ ಜಾಗದಲ್ಲೇ ಟೇಪಿನಿಂದ ಅಂಟಿಸುತ್ತ ಹೋಗಿ. ಉದ್ದದ ಸ್ಕ್ರೂವನ್ನು ಗಿಡ್ಡದ ತೂತಿಗೆ ತಿರುಗಿಸಿದರೆ ಅದು ಬೋರ್ಡಿಗೋ ಕೀಬೋರ್ಡಿಗೋ ಚುಚ್ಚುತ್ತದೆ. ತಳ ತೆಗೆದ ಕೂಡಲೇ ಮಾಡುವ ಮೊದಲ ಕೆಲಸ ಒಳಗಿನ ಬ್ಯಾಟರಿಯ ಕನೆಕ್ಟರ್ ಬಿಚ್ಚುವುದು. ತಂತಿ ಹಿಡಿದು ಎಳೆಯದೆ, ಕನೆಕ್ಟರಿನ ಎರಡೂ ಬದಿಯನ್ನು ಉಗುರಿನಿಂದ ಸ್ವಲ್ಪಸ್ವಲ್ಪವೇ ಹೊರಗೆ ದೂಡಿ. ಒಳಗಿನ ಯಾವುದನ್ನೂ ಮುಟ್ಟುವ ಮೊದಲು ನಲ್ಲಿಯ ಲೋಹ ಮುಟ್ಟಿ ಮೈಯ ಸ್ಥಾಯೀ ವಿದ್ಯುತ್ ಇಳಿಸಿಕೊಳ್ಳಿ. ಮಳೆಗಾಲದ ಹಸಿ ಗಾಳಿಯಲ್ಲಿ ಆ ಭಯ ಕಡಿಮೆ, ಫೆಬ್ರವರಿಯ ಒಣ ಗಾಳಿಯಲ್ಲಿ ಘಟ್ಟದ ಮೇಲೆ ಹೆಚ್ಚು.

ರ್ಯಾಮ್‌ನ ಎರಡೂ ಬದಿಯ ಕ್ಲಿಪ್ಪುಗಳನ್ನು ಹೊರಕ್ಕೆ ಸರಿಸಿದರೆ ಅದು ತಾನೇ ಓರೆಯಾಗಿ ಮೇಲೇಳುತ್ತದೆ. ಅದೇ ಓರೆಯಲ್ಲಿ ಎಳೆದು ಬೆಳಕಿಗೆ ಹಿಡಿಯಿರಿ. ಚಿನ್ನದ ಬಣ್ಣದ ಹಲ್ಲುಗಳ ಮೇಲೆ ಮಂಕು ಕವಿದಂಥ ಕಂದು ಪದರ, ಅಲ್ಲಲ್ಲಿ ಕಪ್ಪು ಚುಕ್ಕೆ ಕಾಣುತ್ತದೆ. ರ್ಯಾಮನ್ನು ಒಣಬಟ್ಟೆಯ ಮೇಲಿಟ್ಟು, ಅಂಚು ಹಿಡಿದು, ರಬ್ಬರನ್ನು ಒಳಗಿನಿಂದ ಅಂಚಿನ ಕಡೆಗೆ ಮಾತ್ರ ಹಗುರವಾಗಿ ಎಳೆಯಿರಿ. ಎರಡು ಮೂರು ಎಳೆತಕ್ಕೇ ರಬ್ಬರ್ ಕಪ್ಪಾಗುತ್ತದೆ, ಹಲ್ಲು ಹೊಳೆಯುತ್ತದೆ. ಎರಡೂ ಮಗ್ಗುಲು ಮಾಡಿ, ಪುಡಿ ಕೊಡವಿ, ಆಲ್ಕೋಹಾಲ್ ಹಚ್ಚಿದ ಹತ್ತಿಬಟ್ಟೆಯಿಂದ ಒರೆಸಿ. ಶಾಯಿ ಅಳಿಸುವ ಗರಗರ ರಬ್ಬರ್ ಬಳಸಿದರೆ ಚಿನ್ನದ ಲೇಪವೇ ಹೋಗಿ ಕೆಳಗಿನ ಲೋಹ ಇನ್ನೂ ಬೇಗ ಕಿಲುಬುತ್ತದೆ. ಬ್ರಶ್ಶಿಗೆ ನಾಲ್ಕು ಹನಿ ಆಲ್ಕೋಹಾಲ್ ಹಾಕಿ ಸ್ಲಾಟಿನ ಒಳಗೂ ಉದ್ದಕ್ಕೆ ಉಜ್ಜಿ, ಹತ್ತು ನಿಮಿಷ ಆರಲು ಬಿಡಿ.

ಮತ್ತೆ ಹಾಕುವಾಗ ಕಚ್ಚು ಹೊಂದಿಸಿ, ಸುಮಾರು 30 ಡಿಗ್ರಿ ಓರೆಯಲ್ಲಿ ಚಿನ್ನದ ಗೆರೆ ಬಹುತೇಕ ಮುಚ್ಚುವವರೆಗೆ ಒಳಗೆ ದೂಡಿ, ಆಮೇಲೆ ಕೆಳಗೆ ಒತ್ತಿ. ಎರಡೂ ಕ್ಲಿಪ್ ಟಕ್ ಎನ್ನಬೇಕು. ಪೂರ್ತಿ ಒಳಹೋಗದೆ ಕ್ಲಿಪ್ ಮಾತ್ರ ಕೂತ ರ್ಯಾಮ್ ನೋಡಲು ಸರಿಯಿದ್ದರೂ ಡಿಸ್‌ಪ್ಲೇ ಕೊಡುವುದಿಲ್ಲ. ಎರಡು ರ್ಯಾಮ್ ಇದ್ದರೆ ಒಂದನ್ನೇ ಒಂದು ಸ್ಲಾಟಿಗೆ, ಆಮೇಲೆ ಇನ್ನೊಂದಕ್ಕೆ ಹಾಕಿ, ಎರಡನೆಯದರಿಂದಲೂ ಹಾಗೇ ನೋಡಿ. ನಾಲ್ಕು ಜೋಡಣೆಯಲ್ಲಿ ಕೆಟ್ಟದ್ದು ರ್ಯಾಮೋ ಸ್ಲಾಟೋ ಗೊತ್ತಾಗುತ್ತದೆ. ಬ್ಯಾಟರಿ ಕನೆಕ್ಟರ್ ಹಾಕಿ ಆನ್ ಮಾಡಿದ ಮೇಲೆ ಕೂಡಲೇ ನಿರಾಶರಾಗಬೇಡಿ. ರ್ಯಾಮ್ ಬದಲಾದದ್ದು ಕಂಡ ಯಂತ್ರ ಮೊದಲ ಸಲ ಒಂದೆರಡು ನಿಮಿಷ ಕತ್ತಲೆಯಲ್ಲೇ ಲೆಕ್ಕ ಹಾಕಿಕೊಂಡು, ಒಮ್ಮೆ ಆರಿ ಹತ್ತುವುದೂ ಉಂಟು.

ಹೊಸ ರ್ಯಾಮ್ ತರುವುದಾದರೆ ಹಳೆಯದನ್ನೇ ಅಂಗಡಿಗೆ ಒಯ್ಯಿರಿ. ರ್ಯಾಮ್‌ನ ತಲೆಮಾರುಗಳಲ್ಲಿ ಡಿಡಿಆರ್3ಗೆ 204 ಪಿನ್, ಡಿಡಿಆರ್4ಗೆ 260. ಒಂದರ ಜಾಗದಲ್ಲಿ ಇನ್ನೊಂದು ಕೂರುವುದಿಲ್ಲ. ಎಡವಟ್ಟಾಗುವುದು ಡಿಡಿಆರ್3ರ ಎರಡು ಬಗೆಯಲ್ಲಿ. ಹಳೆಯದು 1.5 ವೋಲ್ಟ್, ಎಲ್ ಅಕ್ಷರವಿರುವುದು 1.35 ವೋಲ್ಟ್. ಇಂಟೆಲ್ 4ನೇ ತಲೆಮಾರಿನ ಪ್ರೊಸೆಸರಿನಿಂದ ಈಚಿನ ಡಿಡಿಆರ್3 ಲ್ಯಾಪ್‌ಟಾಪ್‌ಗಳಿಗೆ ಎಲ್ ಇರುವುದೇ ಬೇಕು. ಹಳೆಯ ಬಗೆ ಅದೇ ಸ್ಲಾಟಿನಲ್ಲಿ ಸಲೀಸಾಗಿ ಕೂರುತ್ತದೆ, ಡಿಸ್‌ಪ್ಲೇ ಮಾತ್ರ ಬರುವುದಿಲ್ಲ.

ಬೀಪ್, ಮಿನುಗು, ಗುಂಡು ಸೆಲ್

ಕಪ್ಪು ಸ್ಕ್ರೀನಿನ ಯಂತ್ರ ತನ್ನ ರೋಗ ತಾನೇ ಹೇಳುವುದುಂಟು. ಡೆಲ್‌ನ ಹಲವು ಹಳೆಯ ಮಾಡೆಲ್‌ಗಳಲ್ಲಿ ಬೀಪ್ ಎಣಿಸಿ: 2 ಎಂದರೆ ರ್ಯಾಮ್ ಸಿಕ್ಕಿಲ್ಲ, 4 ರ್ಯಾಮ್ ದೋಷ, 5 ಒಳಗಿನ ಗುಂಡು ಸೆಲ್, 6 ಗ್ರಾಫಿಕ್ಸ್, 7 ಪ್ರೊಸೆಸರ್, 8 ಸ್ಕ್ರೀನ್. ಎಚ್‌ಪಿಯ ಹೊಸ ಬಗೆಯವು ದೀಪವನ್ನು ಉದ್ದಕ್ಕೆ ಮತ್ತು ಗಿಡ್ಡಕ್ಕೆ ಮಿನುಗಿಸುತ್ತವೆ. 3 ಉದ್ದ, 2 ಗಿಡ್ಡ ಬಂದರೆ ರ್ಯಾಮ್ ಕಡೆ ನೋಡಿ. ಎಣಿಸುವಾಗ ಮೊಬೈಲಿನಲ್ಲಿ ವಿಡಿಯೊ ಮಾಡಿಕೊಳ್ಳಿ, ರಿಪೇರಿಯವರಿಗೂ ಉಪಯೋಗ.

ಗುಂಡು ಸೆಲ್ ಸಾಮಾನ್ಯವಾಗಿ ಸಿಆರ್2032, 3 ವೋಲ್ಟ್. ಕಪ್ಪು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಎರಡು ತಂತಿಯ ಕನೆಕ್ಟರ್ ಕೊಟ್ಟಿರುತ್ತಾರೆ. ಮುಖ್ಯ ಬ್ಯಾಟರಿಯನ್ನೂ ಬಿಚ್ಚಿ, ಇದನ್ನು 10 ನಿಮಿಷ ತೆಗೆದಿಟ್ಟರೆ ಹಲವು ಯಂತ್ರಗಳಲ್ಲಿ ಬಯೋಸ್‌ನ (ವಿಂಡೋಸ್‌ಗೂ ಮೊದಲು ಓಡಿ ಯಂತ್ರವನ್ನು ಎಬ್ಬಿಸುವ ತಂತ್ರಾಂಶದ) ಹೊಂದಿಕೆಗಳು ಮೊದಲಿನ ಸ್ಥಿತಿಗೆ ಬರುತ್ತವೆ. 2.7 ವೋಲ್ಟಿಗಿಂತ ಕಡಿಮೆ ತೋರಿಸಿದರೆ ಬದಲಿಸಿ. ಬಿಟ್‌ಲಾಕರ್ (ಡಿಸ್ಕಿನ ಮಾಹಿತಿಗೆ ಬೀಗ ಹಾಕುವ ವಿಂಡೋಸ್ ವ್ಯವಸ್ಥೆ) ಹಾಕಿದ ಯಂತ್ರವಾದರೆ ಇದಾದ ಮೇಲೆ 48 ಅಂಕಿಯ ರಿಕವರಿ ಕೀ ಕೇಳಬಹುದು. ಮೊದಲೇ ಮೈಕ್ರೋಸಾಫ್ಟ್ ಖಾತೆಯಿಂದ ಬರೆದಿಟ್ಟುಕೊಳ್ಳಿ. ಬಯೋಸ್ ಅಪ್‌ಡೇಟ್ ಆಗುವಾಗ ಕರೆಂಟು ಹೋಗಿ ಸ್ಕ್ರೀನ್ ಕಪ್ಪಾದ ಎಚ್‌ಪಿಗೆ ಒಂದು ಉಪಾಯವಿದೆ: ಚಾರ್ಜರ್ ಹಾಕಿ, ವಿಂಡೋಸ್ ಕೀಲಿ ಮತ್ತು ಬಿ ಒಟ್ಟಿಗೆ ಹಿಡಿದು, ಪವರ್ ಬಟನ್ ಎರಡು ಮೂರು ಸೆಕೆಂಡು ಒತ್ತಿ ಬಿಡಿ, ಕೀಲಿಗಳನ್ನು ಹಿಡಿದೇ ಇರಿ. ಉಳಿಸಿಟ್ಟ ಪ್ರತಿ ಇದ್ದರೆ ಬಯೋಸ್ ತಾನೇ ಮರುಸ್ಥಾಪನೆಗೆ ತೊಡಗುತ್ತದೆ.

ಟಿವಿಯಲ್ಲಿ ಬರುತ್ತದೆ, ಲ್ಯಾಪ್‌ಟಾಪಿನಲ್ಲಿಲ್ಲ

ಮುಚ್ಚಳವನ್ನು ಪೂರ್ತಿ ತೆರೆದ ಸ್ಥಿತಿಯಿಂದ ಅರ್ಧಕ್ಕೆ, ಅರ್ಧದಿಂದ ಮತ್ತೆ ಹಿಂದಕ್ಕೆ ನಿಧಾನವಾಗಿ ತನ್ನಿ. ಯಾವುದೋ ಒಂದು ಕೋನದಲ್ಲಿ ಚಿತ್ರ ಮಿಣಕ್ಕನೆ ಬಂದು ಹೋದರೆ ಹಿಂಜಿನ ಮೂಲಕ ಹೋಗುವ ಕೇಬಲ್ ಸವೆದಿದೆ ಅಥವಾ ಸಡಿಲವಾಗಿದೆ. ಸ್ಕ್ರೀನ್ ಪೂರ್ತಿ ಬಿಳಿಯಾಗಿ ಹೊಳೆದು ಚಿತ್ರವಿಲ್ಲದಿದ್ದರೆ ಬೆಳಕಿದೆ, ಮಾಹಿತಿ ಬರುತ್ತಿಲ್ಲ. ಆಗಲೂ ಮೊದಲು ಕೇಬಲ್.

ಇಲ್ಲಿ ಒಂದು ಎಚ್ಚರಿಕೆ ಕಡ್ಡಾಯ. ಬ್ಯಾಟರಿ ಬಿಚ್ಚದೆ ಸ್ಕ್ರೀನಿನ ಕೇಬಲ್ ಮುಟ್ಟಬೇಡಿ. ಅದೇ ಕೇಬಲಿನಲ್ಲಿ ಬ್ಯಾಕ್‌ಲೈಟಿನ ವಿದ್ಯುತ್ತೂ ಹೋಗುತ್ತದೆ. ಕೀಳುವಾಗ ಪಿನ್ ಒಂದಕ್ಕೊಂದು ಕ್ಷಣ ತಾಗಿದರೂ ಬೋರ್ಡಿನ ಮೇಲಿನ ಬ್ಯಾಕ್‌ಲೈಟ್ ಫ್ಯೂಸ್ ಹಾರುತ್ತದೆ. ಆಮೇಲೆ ಹೊಸ ಸ್ಕ್ರೀನ್ ಹಾಕಿದರೂ ಅದು ಕತ್ತಲೆಯೇ. ಇನ್ನು 2010ಕ್ಕಿಂತ ಹಳೆಯ ಹಲವು ಯಂತ್ರಗಳಲ್ಲಿ ಎಲ್‌ಇಡಿಯ ಬದಲು ತೆಳು ಟ್ಯೂಬ್‌ಲೈಟು ಮತ್ತು ಅದಕ್ಕೆ ನೂರಾರು ವೋಲ್ಟ್ ಕೊಡುವ ಉದ್ದನೆಯ ಇನ್ವರ್ಟರ್ ಪಟ್ಟಿ ಸ್ಕ್ರೀನಿನ ಕೆಳಗಿರುತ್ತದೆ. ಆನ್ ಇರುವಾಗ ಅದಕ್ಕೆ ಕೈ ಹಾಕಬಾರದು.

ಚೌಕಟ್ಟಿನ ಕೆಳಮೂಲೆಯ ರಬ್ಬರ್ ಬಿಲ್ಲೆಗಳ ಅಡಿಯಲ್ಲಿ ಸ್ಕ್ರೂ ಇದ್ದರೆ ತೆಗೆಯಿರಿ, ಎಟಿಎಂ ಕಾರ್ಡನ್ನು ಒಳ ಅಂಚಿನಿಂದ ತೂರಿಸಿ ಸುತ್ತಲೂ ಬಿಡಿಸಿ. ಸ್ಕ್ರೀನಿನ ನಾಲ್ಕು ಸ್ಕ್ರೂ ತೆಗೆದು, ಕೀಬೋರ್ಡ್ ಮೇಲೆ ಬಟ್ಟೆ ಹಾಸಿ ಅದನ್ನು ಮುಖ ಕೆಳಗಾಗಿ ಮಲಗಿಸಿ. ಹಿಂದೆ ಪಾರದರ್ಶಕ ಟೇಪಿನಡಿ ಕನೆಕ್ಟರ್ ಕಾಣುತ್ತದೆ. ಟೇಪ್ ಎತ್ತಿ, ತಂತಿಯ ಕೊಂಡಿ ಇದ್ದರೆ ಬಿಡಿಸಿ, ಕನೆಕ್ಟರನ್ನು ಸ್ಕ್ರೀನಿಗೆ ಸಮಾನಾಂತರವಾಗಿ ಕೆಳಕ್ಕೆ ಜಾರಿಸಿ. ಮೇಲಕ್ಕೆ ಎತ್ತಿದರೆ ಸ್ಕ್ರೀನ್ ಕಡೆಯ ಕನೆಕ್ಟರೇ ಕಿತ್ತು ಬರುತ್ತದೆ. ಹಸಿರು ಅಥವಾ ಬಿಳಿ ಪುಡಿ ಕಂಡರೆ ಆಲ್ಕೋಹಾಲ್ ಬ್ರಶ್ಶಿನಿಂದ ಉಜ್ಜಿ ಆರಿಸಿ, ಮತ್ತೆ ಗಟ್ಟಿಯಾಗಿ ಕೂರಿಸಿ. ಬೋರ್ಡ್ ಕಡೆಯ ತುದಿಗೂ ಅದೇ ಉಪಚಾರ.

ಕೇಬಲ್ ಬದಲಿಸುವುದಾದರೆ ಅದರ ಮೇಲೆ ಅಂಟಿಸಿದ ಚೀಟಿಯ ನಂಬರನ್ನೇ ಕೊಟ್ಟು ತರಿಸಿ. ಮಾಡೆಲ್ ಹೆಸರು ಒಂದೇ ಇದ್ದರೂ ಒಳಗಿನ ಕೇಬಲ್ ಎರಡು ಮೂರು ಬಗೆಯಿರುತ್ತದೆ. ಸ್ಕ್ರೀನಿಗೂ ಹಾಗೆಯೇ: ಬೆನ್ನ ಮೇಲಿನ ಪೂರ್ತಿ ನಂಬರ್, ಕೊನೆಯ ಅಕ್ಷರ ಸಹಿತ. 15.6 ಇಂಚು ಎಂದು ಹೇಳಿದರೆ ಸಾಲದು. 1366×768 ಅಥವಾ 1920×1080, ಕನೆಕ್ಟರ್ 30 ಪಿನ್ ಅಥವಾ 40, ಸ್ಕ್ರೂ ಕಿವಿಗಳು ಮೇಲೆ-ಕೆಳಗೆ ಅಥವಾ ಪಕ್ಕದಲ್ಲಿ, ತೆಳುವೋ ದಪ್ಪವೋ, ಇಷ್ಟೂ ಹೊಂದಬೇಕು.

ಮೌಸಿನ ಬಾಣ ಮಾತ್ರ ಕಂಡರೆ

ಕಂಪನಿಯ ಲೋಗೊ ಬಂದು ಆಮೇಲೆ ಕಪ್ಪಾದರೆ ಅದು ಸಾಫ್ಟ್‌ವೇರ್ ತೊಂದರೆ, ಸ್ಕ್ರೂಡ್ರೈವರ್ ಎತ್ತಿಡಿ. ವಿಂಡೋಸ್ 10 ಮತ್ತು 11ರಲ್ಲಿ ವಿಂಡೋಸ್, ಕಂಟ್ರೋಲ್, ಶಿಫ್ಟ್, ಬಿ ನಾಲ್ಕನ್ನೂ ಒಟ್ಟಿಗೆ ಒತ್ತಿದರೆ ಗ್ರಾಫಿಕ್ಸ್ ಡ್ರೈವರ್ (ಚಿತ್ರ ಮೂಡಿಸುವ ತಂತ್ರಾಂಶ) ಮತ್ತೆ ಶುರುವಾಗುತ್ತದೆ. ಆಗದಿದ್ದರೆ ಲೋಗೊ ಬಂದ ಕೂಡಲೇ ಪವರ್ ಬಟನ್ ಒತ್ತಿ ಹಿಡಿದು ಆರಿಸುವುದನ್ನು ಮೂರು ಸಲ ಮಾಡಿ. ಮುಂದಿನ ಸಲ ರಿಪೇರಿ ಪರದೆ ಬರುತ್ತದೆ. ಟ್ರಬಲ್‌ಶೂಟ್, ಅಡ್ವಾನ್ಸ್ಡ್ ಆಪ್ಷನ್ಸ್, ಸ್ಟಾರ್ಟಪ್ ಸೆಟಿಂಗ್ಸ್, ರೀಸ್ಟಾರ್ಟ್, ಆಮೇಲೆ 4 ಒತ್ತಿದರೆ ಸೇಫ್ ಮೋಡ್, ಎಂದರೆ ತೀರ ಬೇಕಾದ ಡ್ರೈವರುಗಳಿಂದಷ್ಟೇ ವಿಂಡೋಸ್ ಓಡುವ ಸ್ಥಿತಿ. ಅಲ್ಲಿ ಡಿವೈಸ್ ಮ್ಯಾನೇಜರ್‌ನಿಂದ ಡಿಸ್‌ಪ್ಲೇ ಡ್ರೈವರ್ ತೆಗೆದು ಮತ್ತೆ ಶುರು ಮಾಡಿ. ವಿಂಡೋಸ್ 7ರಲ್ಲಿ ಆನ್ ಮಾಡಿದ ಕೂಡಲೇ ಎಫ್8 ಒತ್ತುತ್ತಿದ್ದರೆ ಸೇಫ್ ಮೋಡ್ ಸಿಗುತ್ತದೆ.

ನೀರು, ಸಿಡಿಲು, ಮಳೆಗಾಲ

ಚಹಾ ಚೆಲ್ಲಿದರೆ, ಸೋರುವ ಮಾಡಿನ ಹನಿ ಬಿದ್ದರೆ ಚಾರ್ಜರ್ ಕಿತ್ತು, ಪವರ್ ಬಟನ್ ಹಿಡಿದು ಆರಿಸಿ, ಬ್ಯಾಟರಿ ಬಿಚ್ಚಿ, ಲ್ಯಾಪ್‌ಟಾಪನ್ನು ಗುಡಾರದ ಹಾಗೆ ತಲೆಕೆಳಗಾಗಿ ನಿಲ್ಲಿಸಿ. ಅಕ್ಕಿ ಡಬ್ಬಿಯಲ್ಲಿ ಹೂಳುವುದರಿಂದ ನೀರು ಹೋಗುವುದಿಲ್ಲ, ಅಕ್ಕಿಯ ಹಿಟ್ಟು ಒಳಗೆ ಹೋಗುತ್ತದೆ. ಒಣಗಿದ ಮೇಲೂ ಸಕ್ಕರೆ, ಉಪ್ಪು ಉಳಿಯುವುದರಿಂದ ಬಿಚ್ಚಿ ಆಲ್ಕೋಹಾಲಿನಿಂದ ತೊಳೆಸಲೇಬೇಕು, ಅದೂ ಒಂದೆರಡು ದಿನದೊಳಗೆ. ಆನ್ ಆಗುತ್ತದೆಯೇ ಎಂದು ಮಧ್ಯೆ ನೋಡುವ ಆಸೆಯೇ ಹೆಚ್ಚಿನ ಬೋರ್ಡ್‌ಗಳನ್ನು ಸುಡುವುದು.

ಮುಂಗಾರಿಗೆ ಮೊದಲಿನ ಏಪ್ರಿಲ್-ಮೇ ಮತ್ತು ಮಳೆ ಹಿಂದೆ ಸರಿಯುವ ಅಕ್ಟೋಬರ್, ಈ ಎರಡು ಹೊತ್ತಿನ ಗುಡುಗಿಗೆ ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ಗನ್ನೇ ಕೀಳಬೇಕು. ರೂಟರಿನಿಂದ ಬರುವ ಲ್ಯಾನ್ ಕೇಬಲನ್ನೂ ಕೀಳಿ. ಸರ್ಜ್ ಪ್ರೊಟೆಕ್ಟರ್ (ಏರು ವೋಲ್ಟೇಜ್ ತಡೆಯುವ ಸಾಧನ) ಕೆಲಸ ಮಾಡಬೇಕಾದರೆ ಮನೆಯ ಅರ್ಥಿಂಗ್ ಸರಿಯಿರಬೇಕು. ಚಿರೆಕಲ್ಲಿನ ನೆಲ ಬೇಸಿಗೆಯಲ್ಲಿ ಒಣಗಿ ಅರ್ಥಿಂಗ್ ದುರ್ಬಲವಾಗುತ್ತದೆ, ಗುಂಡಿಗೆ ಆಗಾಗ ನೀರು ಹಾಕಿ.

ಮಳೆಗಾಲದಲ್ಲಿ ಲ್ಯಾಪ್‌ಟಾಪಿಗೆ ಒಳ್ಳೆಯ ಔಷಧ ಬಳಕೆಯೇ. ಎರಡು ದಿನಕ್ಕೊಮ್ಮೆ ಅರ್ಧ ತಾಸು ಓಡಿಸಿದರೆ ಒಳಗಿನ ಬಿಸಿಗೆ ತೇವ ಆರುತ್ತದೆ. ಬಳಸದೆ ಇಡುವುದಾದರೆ ಬ್ಯಾಟರಿ ಅರ್ಧ ಚಾರ್ಜ್ ಇರಲಿ. ಗಟ್ಟಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯಲ್ಲಿ 100 ಗ್ರಾಂ ಸಿಲಿಕಾ ಜೆಲ್ ಜೊತೆ ಇಡಿ. ನೀಲಿ ಹರಳು ಗುಲಾಬಿಯಾದಾಗ ಬದಲಿಸಿ. ಹಾಗೆ ಇಡದೆ ತಿಂಗಳುಗಟ್ಟಲೆ ಬಿದ್ದಿದ್ದ ಯಂತ್ರವನ್ನು ಒಮ್ಮೆಲೇ ಆನ್ ಮಾಡದೆ, ತಳ ತೆಗೆದು ಒಂದು ದಿನ ಫ್ಯಾನ್ ಗಾಳಿಗೆ ಇಡಿ.

ರಿಪೇರಿಗೆ ಕೊಡುವಾಗ

ಇಷ್ಟು ಮಾಡಿಯೂ ಟಿವಿಯಲ್ಲಾಗಲೀ ಸ್ಕ್ರೀನಿನಲ್ಲಾಗಲೀ ಏನೂ ಬರದಿದ್ದರೆ ಬೋರ್ಡ್ ಕೆಲಸವಿದೆ. ಗ್ರಾಫಿಕ್ಸ್ ಚಿಪ್ಪಿಗೆ ಬಿಸಿಗಾಳಿ ಹೊಡೆದು ಕೊಡುತ್ತೇವೆ ಎಂದರೆ ಒಪ್ಪಬೇಡಿ. 2008ರ ಆಸುಪಾಸಿನ ಹಲವು ಎನ್‌ವಿಡಿಯಾ ಚಿಪ್ಪುಗಳ ಒಳಬೆಸುಗೆಯಲ್ಲೇ ದೋಷವಿತ್ತು. ಬಿಸಿ ಮಾಡಿದರೆ ಕೆಲವು ವಾರವೋ ತಿಂಗಳೋ ನಡೆದು ಮತ್ತೆ ನಿಲ್ಲುತ್ತವೆ. ರಿಪೇರಿಯ ಅಂದಾಜು ಅದೇ ಮಟ್ಟದ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪಿನ ಅರ್ಧ ಬೆಲೆ ದಾಟಿದರೆ ಅಲ್ಲಿಗೆ ಬಿಡುವುದು ಲೇಸು.

ಕೊಡುವ ಮೊದಲು ಹಾರ್ಡ್ ಡಿಸ್ಕ್ ಬಿಚ್ಚಿಟ್ಟುಕೊಳ್ಳಿ. 2.5 ಇಂಚಿನ ಸಾಟಾ ಡಿಸ್ಕಾದರೆ ಯುಎಸ್‌ಬಿ ಕೇಸಿಂಗ್ ಹಾಕಿದರೆ ಬೇರೆ ಕಂಪ್ಯೂಟರಿನಲ್ಲಿ ಪೆನ್‌ಡ್ರೈವ್‌ನಂತೆ ತೆರೆಯುತ್ತದೆ. ಪಟ್ಟಿಯಂಥ ಎಂ.2 ಆದರೆ ಸಾಟಾವೋ ಎನ್‌ವಿಎಂಇಯೋ ಚೀಟಿಯಲ್ಲಿ ಓದಿ, ಅದಕ್ಕೆ ತಕ್ಕ ಕೇಸಿಂಗ್ ಕೇಳಿ. ಡಿಸ್‌ಪ್ಲೇ ಬರಿಸಲು ಡಿಸ್ಕ್ ಬೇಕಿಲ್ಲ, ಅದಿಲ್ಲದೆಯೂ ಲೋಗೊ ಬರಬೇಕು. ಅಂಗಡಿಯವರಿಗೆ ಬರೀ ಡಿಸ್‌ಪ್ಲೇ ಇಲ್ಲ ಎನ್ನದೆ ನಿಮ್ಮ ಚೀಟಿಯಲ್ಲಿದ್ದದ್ದನ್ನು ಹೇಳಿ: ಕ್ಯಾಪ್ಸ್ ಲಾಕ್ ಹತ್ತುತ್ತದೋ ಇಲ್ಲವೋ, ಟಿವಿಯಲ್ಲಿ ಏನು ಬಂತು, ಟಾರ್ಚಿಗೆ ಏನು ಕಂಡಿತು, ಎಷ್ಟು ಬೀಪ್, ರ್ಯಾಮ್ ಬದಲಿಸಿ ನೋಡಿದ್ದಾಗಿದೆಯೋ. ಬೋರ್ಡಿನ ಮತ್ತು ಸ್ಕ್ರೀನಿನ ನಂಬರುಗಳ ಫೋಟೊ ಮೊಬೈಲಿನಲ್ಲಿರಲಿ. ಏನಾದರೂ ಬದಲಿಸಿದರೆ ತೆಗೆದ ಹಳೆಯ ಭಾಗ ವಾಪಸ್ ಬೇಕೆಂದು ಕೊಡುವಾಗಲೇ ಹೇಳಿ, ರಸೀದಿಯಲ್ಲೂ ಬರೆಸಿಕೊಳ್ಳಿ.